ಹೆಂಡತಿಯ ಗದರಿಕೆ ಎಲ್ಲಿಗೆ ಹೋಯಿತು?

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಕುಶಾಲನಗರದ ಸುತ್ತ ಯಾರಿಗೂ ಆಗದ ಸಂಗತಿಗಳು ನನಗೊಬ್ಬನಿಗೇ ಆಗುತ್ತಿರುತ್ತವೆ. ಬೇಕಾದರೆ ನಮ್ಮ ಹಿತ್ತಲ ಮನೆಯಲ್ಲಿ ಬಾಡಿಗೆಗಿರುವ ತತ್ವಶಾಸ್ತ್ರದ ಮೇಷ್ಟ್ರನ್ನು ಕೇಳಿ. ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅವರು ಹೇಳುವುದು ಒಂದೇ: "ಯಜಮಾನ್ರೇ, ಲೋಕ ಕಟ್ಟಿರೋದು ವಸ್ತುಗಳಿಂದ ಅಲ್ಲ, ಗುಣಗಳಿಂದ. ಬಣ್ಣ, ವಾಸನೆ, ಖಾರ, ಅವೇ ಇಟ್ಟಿಗೆ. ಅಷ್ಟನ್ನೂ ತೆಗೆದ್ರೆ ಶುಂಠಿ ಅಂತ ಬೇರೆ ಏನೂ ಉಳಿಯಲ್ಲ."

ನನ್ನ ಹೆಂಡತಿ ಇದ್ದಾಗ ಈ ಮಾತಿಗೊಂದು ಕೊನೆ ಇತ್ತು. ಬಾಗಿಲಿಗೆ ಬಂದು, "ಮಾತು ಸಾಕು, ಲೋಟ ತೊಳೆದಿಡಿ!" ಎಂದು ಗದರುತ್ತಿದ್ದಳು. ಇಬ್ಬರೂ ಎದ್ದು ತೊಳೆಯುತ್ತಿದ್ದೆವು. ಹೋದ ವರ್ಷ ಅವಳು ತೀರಿಕೊಂಡಳು.

ಒಂದು ಸಂಜೆ ಕೇಳಿದೆ, "ಮೇಷ್ಟ್ರೇ, ಆ ಗದರಿಕೆನೂ ಒಂದು ಇಟ್ಟಿಗೆ ತಾನೇ? ಅದೆಲ್ಲಿ ಹೋಯ್ತು?"

"ಅವರ ಗುಣ ಅವರ ಜೊತೆಗೇ ಮುಗೀತು. ಇನ್ನೊಬ್ಬರಲ್ಲಿ ಕಂಡರೂ ಅದು ಅದರಂಥದ್ದು, ಅದೇ ಅಲ್ಲ."

ಒಪ್ಪಿದರೆ ಅವಳದು ಅಂತ ಏನೂ ಉಳಿಯುವುದಿಲ್ಲವಲ್ಲ. ಅದಕ್ಕೇ, ಗುಣ ಮುಗಿಯುವುದಿಲ್ಲ, ಇನ್ನೊಂದಕ್ಕೆ ಹತ್ತಿಕೊಳ್ಳುತ್ತದೆ ಅನ್ನುವುದಕ್ಕೆ ಪುರಾವೆ ಕೊಡಲು ಶುರು ಮಾಡಿದೆ.

ಶುಂಠಿ

ನನ್ನ ಗದ್ದೆಯ ಶುಂಠಿ ಕಚ್ಚಿದ ಆನೆ ಸೀನಿದ್ದಕ್ಕೆ ಪಕ್ಕದ ಮನೆಯ ಹೆಂಚು ಹಾರಿಹೋಗಿತ್ತು. ಮರುವರ್ಷ ಅದೇ ಗದ್ದೆಗೆ ಭತ್ತ ಹಾಕಿದೆ. ಆ ಅನ್ನಕ್ಕೆ ಸಾರೇ ಬೇಡ, ಅಷ್ಟು ಖಾರ! ಶುಂಠಿ ಬಿಟ್ಟುಹೋದ ಖಾರವೇ ಭತ್ತಕ್ಕೆ ಹತ್ತಿತ್ತು.

"ಆ ಅನ್ನ ಉಂಡವರು ಯಾರು?" ಅಂದರು ಮೇಷ್ಟ್ರು.

"ನಾನೊಬ್ಬನೇ. ಬೇರೆಯವರಿಗೆ ತಡೆಯೋ ಶಕ್ತಿ ಎಲ್ಲಿದೆ?"

ಎತ್ತು

ನಮ್ಮದೊಂದು ಎತ್ತು ನೊಗ ಕಂಡರೆ ಮಲಗಿಬಿಡುತ್ತಿತ್ತು. ಮಾರಿದೆ. ಕೊಂಡವನು ಸಿಕ್ಕಾಗಲೆಲ್ಲ, "ಚಿನ್ನದಂಥ ಎತ್ತು ಕಣಣ್ಣ" ಅನ್ನುತ್ತಿದ್ದ. ಅಂದಮೇಲೆ ಮೊಂಡುತನ ನಮ್ಮ ಕೊಟ್ಟಿಗೆಯಲ್ಲೇ ಉಳಿದಿತ್ತು. ಎತ್ತು ಮಾರಿದ ವಾರವೇ ಅಳಿಯ ಬಂದ. ನಾಟಿ ಕೆಲಸ ಅಂದೊಡನೆ ಮಲಗಿದವನು ಊಟಕ್ಕೆ ಮಾತ್ರ ಎದ್ದ.

"ಮೊದಲು ಹೇಗಿದ್ರು ಅಳಿಯಂದಿರು?"

"ಹಾಗೇ ಇದ್ದ. ಆದರೆ ಹೆಣ್ಣು ನೋಡೋಕೆ ಬಂದಾಗಲೇ ಎತ್ತಿನ ಮೈ ಸವರಿದ್ದ."

ಲೋಟ

ಮೇಷ್ಟ್ರು ನಗಲಿಲ್ಲ. "ಯಜಮಾನ್ರೇ, ಸುಳ್ಳು ಪೋಣಿಸಿ ಅವರನ್ನ ಉಳಿಸಿಕೊಳ್ಳೋಕಾಗಲ್ಲ," ಎಂದು ಮೆಲ್ಲಗೆ ಹೇಳಿದರು.

ನಾನು ಖಾಲಿ ಲೋಟಗಳಿಗೆ ಇರುವೆ ಹತ್ತುವುದನ್ನೇ ನೋಡುತ್ತಾ ಕೂತೆ.

ಆಗ ಬಾಗಿಲಿಗೆ ಬಂದವಳು ನಮ್ಮ ಸೊಸೆ. ಈ ಮನೆ ಸೇರಿದಂದಿನಿಂದ ನನ್ನೆದುರು ದನಿ ಎತ್ತಿದವಳಲ್ಲ.

"ಮಾತು ಸಾಕು ಮಾವ, ಲೋಟ ತೊಳೆದಿಡಿ! ಮೇಷ್ಟ್ರೇ, ನೀವೂನೂ!"

ನಾನು ತಿರುಗಿ ನೋಡುವಷ್ಟರಲ್ಲಿ ಮೇಷ್ಟ್ರು ನಲ್ಲಿಯ ಹತ್ತಿರ ಇದ್ದರು. ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದೆ, "ಮೇಷ್ಟ್ರೇ, ಇದು ಅದರಂಥದ್ದಾ, ಇಲ್ಲಾ ಅದೇನಾ?"

ಅವರು ತಲೆ ಎತ್ತಲಿಲ್ಲ.

"ಅದರಂಥದ್ದಾಗಿದ್ರೆ ಕೂತೇ ವಾದ ಮಾಡ್ತಿದ್ದೆ. ಇದು ಅದೇ. ಸುಮ್ಮನೆ ಉಜ್ಜಿ."