ಆಹಿರಿ ಒಂದು ಬೇಡ ಮೇಷ್ಟ್ರೆ

ಪಿಟೀಲು ಮೇಷ್ಟ್ರ ಬದುಕಿನಲ್ಲಿ ಫಜೀತಿಗಳಿಗೆ ಬರವಿಲ್ಲ. ನನ್ನವು ಹೆಚ್ಚಾಗಿ ಒಂದೇ ರಾಗದಿಂದ ಹುಟ್ಟಿದವು. ಅದು ಆಹಿರಿ. ಅದನ್ನು ನುಡಿಸಿದರೆ ಆ ದಿನ ಊಟ ಸಿಗುವುದಿಲ್ಲ ಎಂದು ಸಂಗೀತದವರಲ್ಲಿ ಒಂದು ಹೆದರಿಕೆ. ನನಗೋ ಅದರಷ್ಟು ಇಷ್ಟದ ರಾಗ ಇನ್ನೊಂದಿಲ್ಲ. ನನ್ನ ಗುರುಗಳು ಕೊನೆಯದಾಗಿ ಕಲಿಸಿದ್ದೂ ಅದನ್ನೇ. ಒಮ್ಮೆಯಾದರೂ ಜನರೆದುರು ಪೂರ್ತಿ ನುಡಿಸಬೇಕೆಂಬ ಆಸೆ ಎಷ್ಟೋ ವರ್ಷ ಹಾಗೇ ಉಳಿಯಿತು.

೧. ತೀರ್ಥಹಳ್ಳಿ

ಒಂದು ಗೃಹಪ್ರವೇಶದಲ್ಲಿ ಕಚೇರಿ. ಆಹಿರಿ ಎತ್ತಿಕೊಂಡೆನಷ್ಟೇ, ಅಡಿಗೆ ಭಟ್ಟರು ಸೌಟು ಹಿಡಿದೇ ಓಡಿಬಂದರು. ಅವರಿಗೂ ಸಂಗೀತದ ಹುಚ್ಚು, ರಾಗ ಗುರುತು ಹಿಡಿದಿದ್ದರು.

"ಮೇಷ್ಟ್ರೆ, ಊಟ ಸಿಗ್ಲಿಲ್ಲ ಅಂದ್ರೆ ಜನ ನಿಮ್ಮನ್ನ ಬೈಯಲ್ಲ, ನನ್ನ ಬೈತಾರೆ."

ಮನೆಯವರೂ ಕೈಮುಗಿದರು. ಮಂಗಳಕ್ಕೆ ನುಡಿಸುವ ಮಧ್ಯಮಾವತಿ ನುಡಿಸಿ ಎದ್ದೆ. ಪಾಯಸ ಬಡಿಸುವಾಗ ಭಟ್ಟರು ನನ್ನ ಎಲೆಗೆ ಇನ್ನೊಂದು ಸೌಟು ಹಾಕಿದರು.

"ಬೇಜಾರು ಮಾಡ್ಕೋಬೇಡಿ. ನಂಗೂ ಆಹಿರಿ ಅಂದ್ರೆ ಪ್ರಾಣ. ಊಟ ಆದ್ಮೇಲೆ ಕೇಳ್ಬಹುದಿತ್ತು, ಆದ್ರೆ ರಾತ್ರಿ ಅಡಿಗೆನೂ ನಂದೇ."

೨. ರಿಪ್ಪನ್‌ಪೇಟೆ

ಒಬ್ಬರ ಮನೆಯ ಸೌದೆ ರಾಶಿಯೊಳಗೆ ನಾಗರಹಾವು ಹೊಕ್ಕಿತ್ತು. ಪುನ್ನಾಗವರಾಳಿ ರಾಗ ಕೇಳಿದರೆ ಹಾವು ಹೊರಗೆ ಬರುತ್ತದೆಂದು ಯಾರೋ ಹೇಳಿದ್ದರಿಂದ ನನ್ನನ್ನು ಕರೆಸಿದರು. ಬೆರಳು ಸೋಲುವವರೆಗೆ ನುಡಿಸಿದೆ. ಹಾವು ಬರಲಿಲ್ಲ. ಹಾವು ಹಿಡಿಯಲು ಬಂದವರು ಕೂತಲ್ಲೇ ತೂಕಡಿಸಿದರು. ಹಾವಿಗೂ ನಾನು ಬೇಡವಾದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

"ಆಹಿರಿ ನುಡಿಸಿ ನೋಡ್ಲಾ?" ಎಂದೆ.

ಯಜಮಾನರು ಒಮ್ಮೆ ಅಡಿಗೆಮನೆ ಕಡೆ ನೋಡಿದರು. "ಬೇಡ ಮಾರಾಯ್ರೆ. ಹಾವು ಇದ್ರೆ ಇರ್ಲಿ, ಒಲೆ ಮೇಲೆ ಅನ್ನ ಇದೆ."

೩. ಸಾಗರ

ಕಳೆದ ವರ್ಷ ಇಲ್ಲಿನ ಶಾಲೆಯೊಂದರಲ್ಲಿ ಹ್ಯಾಲೋವೀನ್, ಅಂದರೆ ಮಕ್ಕಳೆಲ್ಲ ದೆವ್ವದ ವೇಷ ಹಾಕುವ ಹಬ್ಬ. ಹೆಡ್ ಮೇಡಂ ಫೋನ್ ಮಾಡಿದರು.

"ಸರ್, ಕ್ಲಾಸಿಕಲ್‌ನಲ್ಲಿ ಹೆದರಿಕೆ ಹುಟ್ಸೋ ಅಂಥದ್ದು ಏನಾದ್ರೂ ನುಡಿಸ್ತೀರಾ?"

ನನಗೆ ಕಣ್ಣು ತುಂಬಿ ಬಂತು. ಊರೆಲ್ಲ ಹೆದರುವ ರಾಗ ನನ್ನ ಹತ್ತಿರವೇ ಇತ್ತಲ್ಲ.

ಹಬ್ಬದ ದಿನ ಮಧ್ಯಾಹ್ನ ಮಕ್ಕಳೆದುರು ಕಣ್ಣು ಮುಚ್ಚಿಕೊಂಡು ಆಹಿರಿಯನ್ನು ಪೂರ್ತಿ ನುಡಿಸಿದೆ. ಗುರುಗಳು ಇರಬೇಕಿತ್ತು ಅನ್ನಿಸಿತು. ಕಣ್ಣು ಬಿಟ್ಟರೆ ದೆವ್ವಗಳೆಲ್ಲ ಸಾಲಾಗಿ ಕೂತು ಅಳುತ್ತಿವೆ. ಮುಖದ ಬಣ್ಣವೆಲ್ಲ ಬಟ್ಟೆಗೆ ಇಳಿದಿದೆ.

"ಹೆದರ್ಸಿ ಅಂದ್ರೆ ಅಳ್ಸಿಬಿಟ್ರಲ್ಲ ಸರ್" ಎಂದರು ಮೇಡಂ, ಮೆಲ್ಲಗೆ. ಇನ್ನು ಇಲ್ಲಿಗೂ ಕರೆಯುವುದಿಲ್ಲ ಎಂದು ಗೊತ್ತಾಯಿತು.

ಪಿಟೀಲನ್ನು ಪೆಟ್ಟಿಗೆಗೆ ಇಡುತ್ತಿದ್ದಾಗ ಒಂದನೇ ಕ್ಲಾಸಿನ ಅಸ್ಥಿಪಂಜರವೊಂದು ಮೂಗು ಒರೆಸಿಕೊಳ್ಳುತ್ತ ಬಂದು ನನ್ನ ಅಂಗಿ ಜಗ್ಗಿತು.

"ಸರ್, ನಿಮ್ಗೆ ಯಾರು ಹೊಡ್ದಿದ್ದು? ಹೇಳಿ. ನಮ್ಮಮ್ಮ ಪೊಲೀಸು."