ದ್ರಾಕ್ಷಿ ತುಳಿದ ಪಾದ

ಯಮನಪ್ಪನ ಪಾದಗಳು ಅಷ್ಟು ಅಗಲವಾಗಿರದಿದ್ದರೆ ಈ ಅನಾಹುತ ಆಗುತ್ತಲೇ ಇರಲಿಲ್ಲ. ಅವನು ನಡೆದು ಬಂದರೆ ಎರಡು ರೊಟ್ಟಿ ಹಂಚು ನಡೆದು ಬಂದ ಹಾಗೆ. ಕತಾರಿನ ರಾಸ್ ಲಫ್ಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಅವನ ಅಳತೆಯ ಸೇಫ್ಟಿ ಶೂ ಹುಡುಕಲು ಕಂಪನಿಯವರು ಏಳು ದೇಶಕ್ಕೆ ಪತ್ರ ಬರೆದಿದ್ದರಂತೆ. ಆ ಪಾದಗಳ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದವನು ಅವನ ಮೇಲಿನ ಇಂಜಿನಿಯರ್, ಇಟಲಿಯ ಮುದುಕ ಸೆಲೆಸ್ಟಿನ್.

ಸೆಲೆಸ್ಟಿನ್‌ನ ಊರು ಎಟ್ನಾ ಎಂಬ ಬೆಂಕಿಬೆಟ್ಟದ ಮಗ್ಗುಲಲ್ಲಿ. ಬೆಟ್ಟ ಈಗಲೂ ಆಗಾಗ ಕೆಮ್ಮಿ ಬೂದಿ ಉಗುಳುತ್ತದೆ. ಆ ಕಪ್ಪು ಮಣ್ಣಿನಲ್ಲೇ ಅವರ ದ್ರಾಕ್ಷಿ. ಚಪ್ಪರವಿಲ್ಲ, ತಂತಿಯಿಲ್ಲ; ಒಂದು ಬಳ್ಳಿಗೆ ಒಂದು ಗೂಟ, ಕುಳ್ಳ ಗಿಡದ ಹಾಗೆ ನಿಂತಿರುತ್ತದೆ. ಅಜ್ಜನ ಅಜ್ಜ ನೆಟ್ಟ ಬಳ್ಳಿಗಳೂ ಇವೆಯಂತೆ. ನೆರೆಲ್ಲೊ ಎಂಬ ಕರಿ ಹಣ್ಣನ್ನು ಕಲ್ಲಿನ ತೊಟ್ಟಿಗೆ ಸುರಿದು ಗಂಡಸರೆಲ್ಲ ಬರಿಗಾಲಲ್ಲಿ ತುಳಿಯುತ್ತಿದ್ದರು. ರಸ ಪೀಪಾಯಿಗೆ ಹೋಗಿ ವೈನ್ ಆಗುತ್ತಿತ್ತು. ಆದರೆ ಮೊದಲ ದಿನದ ಒಂದು ಕೊಡ ರಸ ಮಾತ್ರ ಹುಳಿಯುವ ಮುಂಚೆ ಅಡುಗೆಮನೆಗೆ ಬರಬೇಕು. ತಾಯಂದಿರು ಅದಕ್ಕೆ ಬಳ್ಳಿಯ ಬೂದಿ ಹಾಕಿ ತಿಳಿಯಾಗಿಸಿ, ಕುದಿಸಿ, ಹಿಟ್ಟು ಬೆರೆಸಿ, ಬಿಸಿಲಿಗೆ ಒಣಗಿಸಿ ಮಕ್ಕಳಿಗೆ ಸಿಹಿ ಮಾಡುತ್ತಿದ್ದರು.

ಸೆಲೆಸ್ಟಿನ್‌ನ ತಾಯಿ ತೀರಿಹೋದದ್ದು ಇಂಥದೇ ಸುಗ್ಗಿಯಲ್ಲಿ. ಪ್ರತಿ ವರ್ಷ ಆ ದಿನ ಅವನು ದೋಹಾದ ಮಾರ್ಕೆಟ್ಟಿನಿಂದ ಕರಿ ದ್ರಾಕ್ಷಿ ತಂದು, ಅಲ್ ಖೋರ್‌ನ ತನ್ನ ಮನೆಯಲ್ಲಿ ತಾನೇ ತುಳಿದು ಆ ಸಿಹಿ ಮಾಡುತ್ತಿದ್ದ. ಈ ವರ್ಷ ಮೊಣಕಾಲಿನ ಆಪರೇಷನ್ ಆಗಿತ್ತು. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿಯಾಗುತ್ತದೆ, ಪಾದವೇ ಬೇಕು ಎಂದು ಯಮನಪ್ಪನ ಕೈ ಹಿಡಿದ.

ಯಮನಪ್ಪ ತಿಕೋಟಾದವನು. ಮನೆತನವೇ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡಿದ್ದು. ಹಣ್ಣಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಕುಡಿತದ ಹೆಸರೆತ್ತಿದರೆ ಅವನು ಎದ್ದು ನಿಂತು ಭಾಷಣ ಮಾಡುತ್ತಿದ್ದ. ಕತಾರಿನ ಕನ್ನಡಿಗರು ಅವನನ್ನು ಕಂಡರೆ ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಮಲು ಬರುವುದಿಲ್ಲ ತಾನೇ ಎಂದು ಮೂರು ಸಲ ಕೇಳಿದ. ಬರುವುದಿಲ್ಲ ಎಂದು ಮುದುಕ ತಾಯಿಯ ಆಣೆ ಇಟ್ಟ. ಸತ್ತ ತಾಯಿಯ ಹೆಸರು ಬಂದ ಮೇಲೆ ಯಮನಪ್ಪ ಇಲ್ಲ ಎನ್ನಲಾರದೆ ಹೋದ.

ಶುಕ್ರವಾರ ಬೆಳಿಗ್ಗೆ ಅವನು ಮುದುಕನ ಮನೆಯಲ್ಲಿ ದ್ರಾಕ್ಷಿ ತುಂಬಿದ ಟಬ್ಬಿನ ಮುಂದೆ ನಿಂತು, ಹಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಳಗಿಳಿದ. ಸೆಲೆಸ್ಟಿನ್ ಕುರ್ಚಿಯಲ್ಲಿ ಕೂತು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ತುಳಿತ ಎರಡು ತಾಸು ನಡೆಯಿತು. ಮುದುಕನ ಕಣ್ಣಲ್ಲಿ ನೀರು ಬಂದದ್ದು ನೋಡಿ ಯಮನಪ್ಪ ಇನ್ನೂ ಜೋರಾಗಿ ತುಳಿದ.

ಮನೆಗೆ ಬಂದಾಗ ಹೆಂಡತಿ ನಾಗರತ್ನಾ ಬಾಗಿಲಲ್ಲೇ ಕುಸಿದು ಕೂತಳು. ಅವನ ಕಾಲು ಮೊಣಕಾಲಿನವರೆಗೆ ದಾಳಿಂಬೆ ಕೆಂಪಾಗಿತ್ತು. ಅವತ್ತು ಮಧ್ಯಾಹ್ನ ಅಲ್ ರಯ್ಯಾನ್‌ಗೆ ವರನ ಮನೆ ನೋಡಲು ಹೋಗಬೇಕು. ಮಗಳು ಸೌಂದರ್ಯಾಳಿಗೆ ಬಂದ ಸಂಬಂಧಗಳಲ್ಲಿ ಒಂದು ಎತ್ತರಕ್ಕೆ ತಪ್ಪಿತ್ತು, ಒಂದು ಬಣ್ಣಕ್ಕೆ, ಮೂರನೆಯದು ಯಾತಕ್ಕೆಂದು ಇವತ್ತಿಗೂ ಗೊತ್ತಿಲ್ಲ. ಇದು ನಾಲ್ಕನೆಯದು.

ಸೋಪು ಹಚ್ಚಿ ತಿಕ್ಕಿದರು. ಕೆಂಪು ಹೋಗಿ ಶಾಯಿಯಂಥ ನೀಲಿ ಬಂತು. ನಾಗರತ್ನಾ ಸೋಡಾಪುಡಿ ಹಾಕಿ ಪಾತ್ರೆ ಉಜ್ಜುವ ನಾರಿನಿಂದ ಉಜ್ಜಿದಳು. ನೀಲಿ ಹೋಗಿ ಹಸಿರುಗಪ್ಪಾಯಿತು. ಈಗ ಆ ಪಾದಗಳು ಸತ್ತು ಮೂರು ದಿನವಾದವನ ಪಾದಗಳ ಹಾಗೆ ಕಾಣುತ್ತಿದ್ದವು. ಇನ್ನು ಏನೂ ಹಚ್ಚಬೇಡ ಎಂದು ಯಮನಪ್ಪ ಕೈ ಮುಗಿದು, ಕರಿ ಸಾಕ್ಸ್ ಏರಿಸಿದ.

ಕಾರು ಓಡಿಸಲು ಬಂದವನು ಪಕ್ಕದ ಮನೆಯ ದುಗ್ಗು, ಉಡುಪಿಯ ಕಡೆಯವನು, ಪರರ ಕಷ್ಟಕ್ಕೆ ಕರೆಯದೆ ಬರುವ ಪ್ರಾಣಿ. ದಾರಿಯಲ್ಲಿ ದ್ರಾಕ್ಷಿ ತುಳಿದ ವಿಷಯವಷ್ಟನ್ನೇ ಕೇಳಿಸಿಕೊಂಡು, ಅದರ ಮಾತೇ ಎತ್ತಬೇಡಿ ಎಂದ. ಮನೆಯಲ್ಲಿ ಹೆಂಡ ಮಾಡುವವನು ಅಂದುಕೊಂಡರೆ ಸಂಬಂಧದ ಜೊತೆ ವೀಸಾ ಕೂಡ ಹೋದೀತು, ತಾನು ಸಂಭಾಳಿಸುತ್ತೇನೆ ಎಂದ.

ವರನ ಅಜ್ಜಿ ಹಾಲವ್ವ ತಿಕೋಟಾದ ಕಡೆಯದೇ ಇಂಡಿ ಎಂಬ ಊರಿನಿಂದ ಮೊಮ್ಮಗನ ಮದುವೆ ಮಾತಿಗೆಂದೇ ಬಂದಿದ್ದಳು. ಮೂರನೆ ಮಹಡಿಯ ಫ್ಲ್ಯಾಟಿನ ಬಾಗಿಲಲ್ಲಿ ಪ್ಲಾಸ್ಟಿಕ್ ಬೋಗುಣಿ ಇಟ್ಟು, ತಂಬಿಗೆ ಹಿಡಿದು ನಿಂತಿದ್ದಳು.

“ಕಾಲಿಗೆ ನೀರ ತಗೋರಿ.”

ಯಮನಪ್ಪ ನೆಗಡಿಯ ನೆಪ ಹೇಳಿದ. ಅಜ್ಜಿ ನೀರು ಬಿಸಿ ಮಾಡಿಸಿ ತಂದಳು. ಶುಕ್ರವಾರ ಸಾಕ್ಸ್ ಬಿಚ್ಚುವುದಿಲ್ಲ ಎಂಬ ವ್ರತ ಹೇಳಿದ. ಅಜ್ಜಿಯ ಎಂಬತ್ತು ವರ್ಷದ ಆಯುಸ್ಸಿನಲ್ಲಿ ಅಂಥ ವ್ರತ ಬಂದಿರಲಿಲ್ಲ. ಕೊನೆಗೆ ವರನ ತಂದೆ ಬಸವಲಿಂಗನೇ ಬಂದು ನಿಂತ ಮೇಲೆ, ಯಮನಪ್ಪ ಗಲ್ಲಿಗೆ ಹೋಗುವವನ ಹಾಗೆ ಬಗ್ಗಿ ಸಾಕ್ಸ್ ಎಳೆದ.

ತಂಬಿಗೆ ಅಜ್ಜಿಯ ಕೈಯಲ್ಲೇ ನಿಂತಿತು. ಅಕ್ಕಪಕ್ಕದ ಫ್ಲ್ಯಾಟಿನವರೂ ಹೊರಗೆ ಬಂದರು.

“ಎಂತ ಇಲ್ಲಜ್ಜಿ,” ಎಂದ ದುಗ್ಗು. “ಯಮನಪ್ಪಣ್ಣನಿಗೆ ಸ್ವಲ್ಪ ಶುಗರ್ ಅಷ್ಟೆ. ಅವರ ಅಪ್ಪನಿಗೂ ಇತ್ತಂತೆ, ಕಾಲು ತೆಗೆದದ್ದು.”

ಯಮನಪ್ಪನ ಅಪ್ಪ ತೊಂಬತ್ತರ ವಯಸ್ಸಿನಲ್ಲಿ ಬೇವಿನ ಮರ ಹತ್ತುವವನು. ಅಜ್ಜಿ ಈಗ ಪಾದ ಬಿಟ್ಟು ಸೌಂದರ್ಯಾಳನ್ನು ಮೇಲಿಂದ ಕೆಳಗೆ ನೋಡತೊಡಗಿದಳು. ಮಗಳ ಮುಖ ಕಂಡು ಯಮನಪ್ಪನಿಗೆ ತಡೆಯಲಾಗಲಿಲ್ಲ.

“ಸುಳ್ಳ ಐತ್ರಿ ಅವ್ವಾ. ನನ್ನ ಮನಿತನದಾಗ ಯಾವ ರೋಗಾನೂ ಇಲ್ಲ. ಇದು ದ್ರಾಕ್ಷಿ ಬಣ್ಣ. ಮುಂಜಾನೆ ದ್ರಾಕ್ಷಿ ತುಳದೀನಿ.”

ಬಸವಲಿಂಗ ಹೆಂಗಸರನ್ನು ಒಳಗೆ ಕಳಿಸಿದ. ಸೌಂದರ್ಯಾ ವರ ನಿಂಗರಾಜನ ಜೊತೆ ಬಾಲ್ಕನಿಗೆ ಹೋದಳು. ಬಸವಲಿಂಗ ಯಮನಪ್ಪನನ್ನು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದ. ಯಮನಪ್ಪ ಕಣ್ಣು ಮುಚ್ಚಿಕೊಂಡ.

“ಬೀಗರ,” ಎಂದ ಬಸವಲಿಂಗ, ಶಿವಪೂಜೆಗೆ ಕೂತವನ ದನಿಯಲ್ಲಿ. “ಎಷ್ಟ ದಿನಕ್ಕ ತಯಾರ ಆಗ್ತದ?”

ಯಮನಪ್ಪ ಕಣ್ಣು ತೆರೆದ.

“ಖರೇ ಹೇಳ್ತೀನಿ,” ಎಂದು ಬಸವಲಿಂಗ ಅವನ ಮೊಣಕಾಲಿನ ಮೇಲೆ ಕೈ ಇಟ್ಟ. “ನೀವು ಭಾಳ ಕಟ್ಟುನಿಟ್ಟಿನ ಮಂದಿ ಅಂತ ಕೇಳಿ, ಇವತ್ತ ಬ್ಯಾಡಂದು ಕಳಸಾಂವ ಇದ್ದೆ. ನಮ್ಮ ಮನ್ಯಾಗ ಅಪ್ಪ ಮಗ ಕೂಡೇ ಕುಡಿಯಾಕ ಕೂಡತೀವಿ. ನಿಮ್ಮ ಕಾಲ ನೋಡಿ ಮನಸ ಹಗರ ಆತು. ನಮ್ಮ ಕಡಿಂದ ಸಂಬಂಧ ಗಟ್ಟಿ ಅಂತ ತಿಳೀರಿ. ಎಷ್ಟ ದಿನ?”

ಮೂವತ್ತು ವರ್ಷ ಮಾಡಿದ ಭಾಷಣಗಳೆಲ್ಲ ಯಮನಪ್ಪನ ಗಂಟಲಿಗೆ ಬಂದವು. ಅದು ಮಕ್ಕಳು ತಿನ್ನುವ ಸಿಹಿ ಎಂದರೆ ನಾಲ್ಕನೆ ಸಂಬಂಧವೂ ಹೋಯಿತು. ಹೊರಗೆ ನಾಗರತ್ನಾ ದೊಡ್ಡ ದನಿಯಲ್ಲಿ ನಗುತ್ತಿದ್ದಳು; ಹಾಗೆ ಅವಳು ನಕ್ಕು ಎರಡು ವರ್ಷವಾಗಿತ್ತು.

“ನಲವತ್ತ ದಿನ,” ಎಂದ.

ಬಸವಲಿಂಗ ಅವನನ್ನು ತಬ್ಬಿಕೊಂಡು, ಮಗನಿಗೆ ಹೇಳಲು ಬಾಲ್ಕನಿಗೆ ಓಡಿದ. ಊಟಕ್ಕೆ ಕೂತಾಗ ಸಂಬಂಧ ಗಟ್ಟಿಯಾಯಿತೆಂದು ಎಲ್ಲರ ಮುಂದೆಯೂ ಹೇಳಿದ. ಪಕ್ಕದ ಫ್ಲ್ಯಾಟಿನವರು ಬಂದು ಯಮನಪ್ಪನ ಕೈ ಕುಲುಕಿದರು. ಅವನು ಹೋಳಿಗೆಯನ್ನು ಔಷಧಿಯ ಹಾಗೆ ನುಂಗಿದ. ಹೋಗಲಿ, ಮಾನ ಹೋದರೂ ಮಗಳಿಗೆ ಮನೆ ಸಿಕ್ಕಿತಲ್ಲ ಎಂದುಕೊಂಡ.

ಮರಳುವಾಗ ಕಾರು ಊರು ದಾಟಿ ಹೆದ್ದಾರಿ ಹಿಡಿಯಿತು.

“ಅಪ್ಪಾ, ನಾ ಅವಗ ಒಲ್ಲೆ ಅಂತ ಹೊರಡೂಮುಂದ ಹೇಳಿ ಬಂದೆ,” ಎಂದಳು ಸೌಂದರ್ಯಾ. “ಮದ್ವಿಯಾದ ಮ್ಯಾಲೆ ನಿಮ್ಮಪ್ಪನ ಸ್ಟಾಕ್ ನಮಗೇ ಅಂದ. ನಮ್ಮಪ್ಪ ಅಂಥಾವಲ್ಲ ಅಂದೆ. ನಿಮ್ಮಪ್ಪನ ಬಾಯಿಂದನ ನಲವತ್ತ ದಿನ ಅಂತ ಬಂದದ ಅಂದು ನಕ್ಕ. ಕುಡಿಯೋ ಮನಿ ಬ್ಯಾಡ ಅಂತ ಸಣ್ಣಾಕಿದ್ದಾಗಿಂದ ನೀನ ಹೇಳಿಯಲ್ಲ? ಖರೇನ ಹಂಗ ಅಂದೇನಪಾ?”

ಯಮನಪ್ಪ ಇಟಲಿಯ ಬೆಟ್ಟದಿಂದ ಹಿಡಿದು ಬಸವಲಿಂಗನ ಕೋಣೆಯವರೆಗೆ ಎಲ್ಲ ಹೇಳಿದ. ಅದು ಬರೀ ಸಿಹಿ, ತಾಯಿಯ ನೆನಪಿನ ಸಿಹಿ ಎಂದು ಹೇಳುವಾಗ ಅವನ ದನಿ ಒಡೆಯಿತು. ಮಗಳು ಅವನ ಕೈ ಹಿಡಿದುಕೊಂಡಳು. ನಾಗರತ್ನಾ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ದುಗ್ಗು ಕೂಡ ಕಣ್ಣೊರೆಸಿಕೊಂಡ.

ಅಲ್ ಖೋರ್‌ನಲ್ಲಿ ಅವರ ಮನೆ ಬಂತು. ಹೆಂಗಸರು ಇಳಿದು ಒಳಗೆ ಹೋದರು. ಯಮನಪ್ಪ ಇಳಿಯುವಾಗ ದುಗ್ಗು ಮೆಲ್ಲಗೆ ಅವನ ತೋಳು ಹಿಡಿದ.

“ಮಗಳ ಎದುರು ಬರೀ ಸಿಹಿ ಅಂತ ಹೇಳಿದ್ದು ಒಳ್ಳೆದಾಯ್ತು ಯಮನಪ್ಪಣ್ಣ. ನಲವತ್ತು ದಿನ ಅಂದ್ರೆ ನವೆಂಬರ್ ಕೊನೆ ಅಲ್ವಾ? ನನ್ನ ಬರ್ತ್‌ಡೇಗೆ ಸರಿ ಆಗ್ತದೆ. ಒಂದು ಬಾಟ್ಲಿ ತೆಗೆದಿಡಿ, ಆಯ್ತಾ?”