ತೇಗದ ಮೇಜೂ ಗಿರೀಶನ ಸಂಬಂಧವೂ

ಹೊಸದಾಗಿ ಏನನ್ನಾದರೂ ಕಲಿತವನ ಪಕ್ಕದಲ್ಲಿ ಕೂರುವುದು ಕಷ್ಟ. ಯೋಗ ಕಲಿತವರು ನಮ್ಮ ಬೆನ್ನು ನೋಡಿ ಮರುಕಪಡುತ್ತಾರೆ. ಸಕ್ಕರೆ ಬಿಟ್ಟವರು ನಮ್ಮ ಕಾಫಿ ಲೋಟವನ್ನು ವಿಷದ ಬಟ್ಟಲು ಎಂಬಂತೆ ನೋಡುತ್ತಾರೆ. ನಾನು ಕಲಿತದ್ದು ಮರದ ವಿಷಯ. ಮರ ಎಂದರೆ ಕಾಡಿನದಲ್ಲ. ಮೇಜು, ಮಂಚ, ಬೀರುಗಳಾಗಿ ನಮ್ಮ ಮನೆಗಳಲ್ಲಿ ನಿಂತಿರುವ ಮರ, ಮತ್ತು ಮರವೆಂದು ನಾವು ನಂಬಿಕೊಂಡಿರುವ ಇತರ ಪದಾರ್ಥಗಳು.

ಶುರುವಾದದ್ದು ಕುಂದಲಹಳ್ಳಿಯ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ. ಸಿಂಕಿನ ಕೆಳಗಿನ ಪೈಪು ಯಾವಾಗಿನಿಂದಲೋ ತೊಟ್ಟಿಕ್ಕುತ್ತಿತ್ತು. ಒಂದು ದಿನ ನನ್ನ ಹೆಂಡತಿ ವಿಜಯಾ ಅಲ್ಲಿನ ಕಪಾಟಿನ ಬಾಗಿಲು ಎಳೆದಾಗ ಅದು ಪೂರ್ತಿಯಾಗಿ ಅವಳ ಕೈಗೆ ಬಂತು. ಸ್ಕ್ರೂಗಳು ಹಿಡಿದುಕೊಂಡಿರಬೇಕಾದ ಜಾಗದಲ್ಲಿ ನೆನೆಸಿಟ್ಟ ಅವಲಕ್ಕಿಯಂಥದ್ದೇನೋ ಇತ್ತು. ಹೊಸ ಕಪಾಟು ಮಾಡಿಸುವ ಮೊದಲು ವಿಷಯ ತಿಳಿದುಕೊಳ್ಳೋಣ ಎಂದು ನಾನು ಫೋನಿನಲ್ಲಿ ವಿಡಿಯೋಗಳನ್ನು ನೋಡತೊಡಗಿದೆ. ನನ್ನ ಆಫೀಸು ಇರುವುದು ಮಹದೇವಪುರದಲ್ಲಿ, ಕೆಲಸ ಅಕೌಂಟ್ಸ್ ವಿಭಾಗದಲ್ಲಿ. ರಿಂಗ್ ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಲ್ಲೇ ನಿಲ್ಲುವುದರಿಂದ ವಿದ್ಯಾಭ್ಯಾಸಕ್ಕೆ ಬೇಕಾದಷ್ಟು ಸಮಯ ಸಿಕ್ಕಿತು. ಮರದ ಚೂರುಗಳಿಗೆ ಅಂಟು ಬೆರೆಸಿ ಒತ್ತಿದರೆ ಪಾರ್ಟಿಕಲ್ ಬೋರ್ಡು. ಅದಕ್ಕೆ ನೀರೆಂದರೆ ಆಗದು. ತೆಳುವಾದ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದರೆ ಪ್ಲೈವುಡ್ಡು. ನಿಜವಾದ ಮರದಿಂದ ಹಾಳೆಯಷ್ಟು ತೆಳ್ಳಗೆ ಸೀಳಿ ಮೇಲೆ ಹೊದಿಸಿದರೆ ವೆನೀರ್. ಮರದ ಚಿತ್ರ ಅಚ್ಚುಹಾಕಿದ ಹಾಳೆ ಹೊದಿಸಿದರೆ ಲ್ಯಾಮಿನೇಟ್. ಇಷ್ಟು ತಿಳಿದ ಮೇಲೆ ಕಂಡ ಕಂಡ ಮೇಜಿನ ಅಂಚನ್ನು ಉಗುರಿನಿಂದ ಕೆರೆದು ನೋಡುವ ಅಭ್ಯಾಸ ನನಗೆ ಅಂಟಿಕೊಂಡಿತು. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಪಕ್ಕದ ಕಪಾಟನ್ನು ಕೆರೆದಿದ್ದೇನೆ.

ಇಂಥ ಹೊತ್ತಿನಲ್ಲಿ ವಿಜಯಾಳ ತಮ್ಮ ಗಿರೀಶನಿಗೆ ಜಾಲಹಳ್ಳಿಯಿಂದ ಒಂದು ಸಂಬಂಧ ಬಂತು. ಗಿರೀಶ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮಾತು ಕಡಿಮೆ. ಈ ಮೊದಲು ಬಂದ ಸಂಬಂಧಗಳು ಅವನ ಮೌನಕ್ಕೆ ಹೆದರಿಯೇ ಹಿಂದೆ ಸರಿದಿದ್ದವು. ಹುಡುಗಿ ರಶ್ಮಿಯ ಫೋಟೋ ನೋಡಿದ ದಿನ ಅವನು ತಾನಾಗಿಯೇ ಅಕ್ಕನಿಗೆ ಫೋನ್ ಮಾಡಿ ಯಾವಾಗ ಹೋಗುವುದು ಎಂದು ಕೇಳಿದ್ದ. ಅವನ ಮಟ್ಟಿಗೆ ಅದು ಭಾಷಣವೇ.

ಮುಂದಿನ ಭಾನುವಾರ ನಾವು ಮೂವರೂ ಹೋದೆವು. ರಶ್ಮಿಯ ತಂದೆ ನಂಜುಂಡಯ್ಯನವರು ಬೇರೊಂದು ಕಾರ್ಖಾನೆಯಿಂದ ನಿವೃತ್ತರಾದವರು, ನೆಟ್ಟಗೆ ಕೂರುವ, ಮೃದುವಾಗಿ ಮಾತಾಡುವ ಮನುಷ್ಯ. ನಮ್ಮನ್ನು ಊಟದ ಮೇಜಿನ ಸುತ್ತ ಕೂರಿಸಿದರು. ತಾಯಿ ಸರೋಜಮ್ಮ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟರು. ರಶ್ಮಿ ಗಿರೀಶನನ್ನು ಏನೋ ಕೇಳಿದಳು. ಅವನು ಒಂದು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟ. ವಿಜಯಾ ನನ್ನತ್ತ ನೋಡಿ ಕಣ್ಣಲ್ಲೇ ನಕ್ಕಳು. ಅಲ್ಲಿಗೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. ಆದರೆ ನಂಜುಂಡಯ್ಯನವರು ಮೇಜನ್ನು ಸವರುತ್ತಾ, ಇದು ಅಪ್ಪಟ ತೇಗ, ಗೃಹಪ್ರವೇಶದ ಹೊತ್ತಿಗೆ ನಾನೇ ಹತ್ತಾರು ಅಂಗಡಿ ಅಲೆದು ಆರಿಸಿದ್ದು ಎಂದರು.

ನನ್ನ ಕಣ್ಣು ಮೇಜಿನ ಮೇಲೆ ಬಿತ್ತು. ನನ್ನ ತಟ್ಟೆಯ ಪಕ್ಕದಲ್ಲಿ ಮರದ ಒಂದು ಗಂಟು ಇತ್ತು, ಬಾತುಕೋಳಿಯ ಆಕಾರದ್ದು. ಆ ತುದಿಯಲ್ಲಿ ಗಿರೀಶನ ತಟ್ಟೆಯ ಪಕ್ಕದಲ್ಲೂ ಅದೇ ಬಾತುಕೋಳಿ, ಅದೇ ಕತ್ತು, ಅದೇ ಕೊಕ್ಕು. ಯಾವ ಮರವೂ ಒಂದೇ ಗಂಟನ್ನು ಎರಡು ಸಲ ಬೆಳೆಯುವುದಿಲ್ಲ. ಮೂಲೆಯಲ್ಲಿ ನೀರು ಬಿದ್ದು ಅಂಚು ಹಪ್ಪಳದಂತೆ ಉಬ್ಬಿತ್ತು. ವಿಜಯಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅದು ನೆನಪಿದೆ. ಆದರೂ ನನ್ನ ಬಾಯಿ ಅದರ ಪಾಡಿಗೆ ಹೇಳಿಬಿಟ್ಟಿತು:

"ಇದು ತೇಗ ಅಲ್ಲ ಸಾರ್. ಪಾರ್ಟಿಕಲ್ ಬೋರ್ಡು. ಮೇಲೆ ತೇಗದ ಚಿತ್ರ ಇರೋ ಹಾಳೆ ಅಂಟಿಸಿದ್ದಾರೆ."

ಇಷ್ಟಕ್ಕೇ ನಿಲ್ಲಿಸದೆ ಎರಡು ಬಾತುಕೋಳಿಗಳನ್ನೂ ಬೆರಳಿಟ್ಟು ತೋರಿಸಿದೆ. ನಂಜುಂಡಯ್ಯನವರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು ಈ ಗಂಟನ್ನು ನೋಡಿದರು, ಎದ್ದು ಹೋಗಿ ಆ ಗಂಟನ್ನು ನೋಡಿದರು, ಕೊನೆಗೆ ಕುಕ್ಕುರುಗಾಲಲ್ಲಿ ಕೂತು ಮೇಜಿನ ಅಡಿಯನ್ನು ನೋಡಿದರು. ಅವರು ಮೇಲೇಳುವಷ್ಟರಲ್ಲಿ ಮುಖ ಚಿಕ್ಕದಾಗಿತ್ತು. ಆಗ ಸರೋಜಮ್ಮ ಕೇಸರಿಬಾತಿನ ಸೌಟು ಹಿಡಿದುಕೊಂಡೇ ಮೆಲ್ಲಗೆ ಹೇಳಿದರು:

"ನಂಗೆ ಗೊತ್ತಿತ್ತು ಕಣ್ರೀ. ದಿನಾ ಒರೆಸೋಳು ನಾನಲ್ವಾ? ನೀವು ಅಷ್ಟು ಖುಷಿಯಾಗಿದ್ರಿ, ಯಾಕೆ ಹೇಳ್ಬೇಕು ಅಂತ ಸುಮ್ನಿದ್ದೆ."

ನಂಜುಂಡಯ್ಯನವರು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು. ಕಾಫಿ ಕುಡಿದು ಹೊರಟೆವು. ದಾರಿಯುದ್ದಕ್ಕೂ ಗಿರೀಶ ಕಿಟಕಿಯಾಚೆ ನೋಡುತ್ತಿದ್ದ. ವಿಜಯಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವಾರವೆಲ್ಲ ಜಾಲಹಳ್ಳಿಯಿಂದ ಸುದ್ದಿಯಿಲ್ಲ. ನನಗೆ ಊಟ ಸೇರಲಿಲ್ಲ. ಎದುರಿಗಿರುವುದೂ ಊಟದ ಮೇಜೇ ಆದ್ದರಿಂದ ತಲೆ ತಗ್ಗಿಸಿದರೂ ಅದೇ ಕಾಣುತ್ತಿತ್ತು. ಕೊನೆಗೆ ಶನಿವಾರ ಯಾರಿಗೂ ಹೇಳದೆ ಕ್ಷಮೆ ಕೇಳಲು ನಾನೊಬ್ಬನೇ ಹೋದೆ. ಬಾಗಿಲು ತೆರೆದ ನಂಜುಂಡಯ್ಯನವರ ಕೈಯಲ್ಲಿ ಉಪ್ಪುಕಾಗದ ಇತ್ತು. ಒಳಗೆ ಮೇಜಿನ ಉಬ್ಬಿದ ಮೂಲೆಯನ್ನು ಉಜ್ಜುತ್ತಿದ್ದರು. ನಾನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಮಾತುಗಳನ್ನು ಶುರುಮಾಡುವ ಮೊದಲೇ ಅವರು, ಸರಿಯಾದ ಹೊತ್ತಿಗೆ ಬಂದಿರಿ, ಈ ಬೋರ್ಡಿಗೆ ಯಾವ ಅಂಟು ಆಗುತ್ತದೆ ಎಂದು ಕೇಳಿದರು.

ನಾನು ವಿಡಿಯೋ ನೋಡಿದವನೇ ಹೊರತು ಕೈಯಲ್ಲಿ ಅಂಟು ಹಿಡಿದವನಲ್ಲ. ಆದರೂ ಇಬ್ಬರೂ ನೆಲದ ಮೇಲೆ ಕೂತೆವು. ಉಬ್ಬನ್ನು ಉಜ್ಜಿ, ಬಿರುಕಿಗೆ ತೆಳುವಾದ ಅಂಟು ಇಳಿಸಿ, ಹಲಗೆಯಿಟ್ಟು ಅದರ ಮೇಲೆ ಸರೋಜಮ್ಮನ ರುಬ್ಬುಗುಂಡು ಹೇರಿದೆವು. ಆ ಹಲಗೆಗೆ ನನ್ನ ಹೆಬ್ಬೆರಳೂ ಅಂಟಿಕೊಂಡಿತು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅದನ್ನು ಬಿಡಿಸುತ್ತಾ ನಂಜುಂಡಯ್ಯನವರು, ಎಸೆದು ಹೊಸದು ತರೋಣ ಅಂತ ಮಗಳು ಹೇಳಿದಳು, ಮನಸ್ಸು ಬರಲಿಲ್ಲ ಎಂದರು.

"ತೇಗ ಅಂದ್ಕೊಂಡು ಇಷ್ಟು ವರ್ಷ ಊಟ ಮಾಡಿದೀವಿ. ಊಟದ ರುಚಿ ಏನೂ ಕಮ್ಮಿ ಆಗಿರ್ಲಿಲ್ಲ," ಎಂದು ಅವರೇ ನಕ್ಕರು.

ಸರೋಜಮ್ಮ ಕಾಫಿ ತಂದು ನನ್ನ ಇನ್ನೊಂದು ಕೈಗೆ ಕೊಟ್ಟು ಎದುರಿಗೆ ಕೂತರು. ಅವರು ಏನನ್ನೋ ಕೇಳಲು ಕಾಯುತ್ತಿದ್ದರೆಂದು ಆಗ ಗೊತ್ತಾಯಿತು.

"ಮೇಜಿನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದ್ರಿ. ಹುಡುಗನ ವಿಷಯಾನೂ ಹಾಗೇ ಹೇಳಿ," ಎಂದರು.

ಆ ಕ್ಷಣದಲ್ಲಿ ನನಗೆ ಬಂದ ಹೊಗಳಿಕೆಗಳೆಲ್ಲ ಮೇಲೆ ಹೊದಿಸುವ ಹಾಳೆಗಳೇ. ಅವನ್ನು ಬಿಟ್ಟು ಇದ್ದದ್ದು ಹೇಳಿದೆ. ಗಿರೀಶನಿಗೆ ಬೇಜಾರಾದರೆ ಮಾತು ಬಿಡುತ್ತಾನೆ, ತಾನಾಗಿ ಸರಿಹೋಗುವವರೆಗೆ ಅವನನ್ನು ಮಾತಾಡಿಸಲು ಯಾರಿಂದಲೂ ಆಗದು. ಬೆಳಿಗ್ಗೆ ಅವನನ್ನು ಎಬ್ಬಿಸುವುದು ಇನ್ನೊಂದು ಕಷ್ಟ. ಆದರೆ ವಿಜಯಾಳಿಗೆ ಡೆಂಗ್ಯೂ ಬಂದಾಗ ಅವನೇ ಗಂಜಿ ಮಾಡಿ ಆಸ್ಪತ್ರೆಗೆ ತರುತ್ತಿದ್ದ. ಮೊದಲ ದಿನ ಉಪ್ಪು ಮರೆತಿದ್ದ. ಮರುದಿನದಿಂದ ಜೇಬಿನಲ್ಲಿ ಒಂದು ಉಪ್ಪಿನ ಪೊಟ್ಟಣವನ್ನೂ ಇಟ್ಟುಕೊಂಡು ಬರುತ್ತಿದ್ದ. ಸರೋಜಮ್ಮ ಒಳಗಿನ ಕೋಣೆಯ ಕಡೆ ನೋಡಿದರು. ಬಾಗಿಲ ಮರೆಯಲ್ಲಿ ರಶ್ಮಿ ನಿಂತಿದ್ದಳು.

"ಮಾತು ಬಿಟ್ರೆ ಬಿಡ್ಲಿ ಅಮ್ಮ," ಎಂದಳು. "ಮಾತಾಡ್ಸೋದು ನಾನು ನೋಡ್ಕೋತೀನಿ."

ಸಂಜೆ ಮನೆಗೆ ಬಂದಾಗ ವಿಜಯಾ ಫೋನಿನಲ್ಲಿ ನಗುತ್ತಿದ್ದಳು. ಸರೋಜಮ್ಮ ಆಗಲೇ ಎಲ್ಲ ಹೇಳಿಬಿಟ್ಟಿದ್ದರು, ನನ್ನ ಹೆಬ್ಬೆರಳಿನ ವಿಷಯವನ್ನೂ ಸೇರಿಸಿ.

ನಿಶ್ಚಿತಾರ್ಥ ಕಳೆದ ತಿಂಗಳು ಮುಗಿಯಿತು. ನನ್ನನ್ನು ನಂಟರಿಗೆ ಪರಿಚಯಿಸುವ ಕೆಲಸವನ್ನು ನಂಜುಂಡಯ್ಯನವರು ತಾವೇ ವಹಿಸಿಕೊಂಡು, ಇವರು ಹುಡುಗನ ಭಾವ, ಮರಗೆಲಸದಲ್ಲಿ ಬಹಳ ತಿಳಿದವರು ಎಂದು ಎಲ್ಲರಿಗೂ ಹೇಳಿದರು. ನಾನು ಅಕೌಂಟ್ಸಿನವನು ಎಂದು ವಿಜಯಾ ತಿದ್ದಬಹುದಿತ್ತು, ತಿದ್ದಲಿಲ್ಲ. ಊಟದ ಪಂಕ್ತಿಯಲ್ಲಿ ನಂಜುಂಡಯ್ಯನವರ ಸೋದರಮಾವನ ಕಡೆಯ ಹಿರಿಯರೊಬ್ಬರು ನನ್ನ ಪಕ್ಕದಲ್ಲೇ ಕೂತರು. ತಮ್ಮ ಮನೆಯ ಮಂಚ ಕಿರುಗುಟ್ಟುತ್ತದೆ, ಬರುವ ಭಾನುವಾರ ಬಂದು ನೋಡಬೇಕು ಎಂದರು. ಗಂಭೀರವಾಗಿ ತಲೆಯಾಡಿಸಿ, ಯಾವ ಮರ ಅಂತ ಮೊದಲು ನೋಡೋಣ ಎಂದೆ. ಅವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ನನ್ನ ಕಿವಿಯ ಹತ್ತಿರ ಬಾಗಿದರು.

"ಮರ ಯಾವ್ದು ಅಂತ ಮಾತ್ರ ಹೇಳ್ಬೇಡಿ ಸಾರ್. ಸದ್ದು ನಿಂತ್ರೆ ಸಾಕು."